ಬೀಗ ಇತ್ತು, ಆದ್ರೆ ಕೀ ನನ್ನ ಹತ್ರಾನೇ ಇತ್ತು (ಭಾಗ 4)

ಇದನ್ನ ಬರೀಲೋ ಬೇಡ್ವೋ ಅಂತ ಎರಡು ವಾರ ಯೋಚಿಸಿದೆ.

ಹೋದ ರಜೆಯಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ತಿಂಗಳ ಮಟ್ಟಿಗೆ ಡೇಟಾ ಎಂಟ್ರಿ ಮಾಡ್ತಿದ್ದೆ. ಅರ್ಜಿಯಲ್ಲಿರೋ ಆಧಾರ್, ಆದಾಯ ಪ್ರಮಾಣ ಪತ್ರ, ಬ್ಯಾಂಕ್ ಖಾತೆ ಎಲ್ಲಾ ಸರಿ ಇದ್ಯಾ ಅಂತ ನೋಡೋದು, ಟಿಕ್ ಹಾಕೋದು. ಲಾಗಿನ್ ನನ್ನದಲ್ಲ, ಅಲ್ಲಿನ ಒಬ್ಬ ನೌಕರರದ್ದು. ಪಾಸ್‌ವರ್ಡ್ ಮಾನಿಟರ್ ಕೆಳಗೆ ಚೀಟಿಯಲ್ಲಿ ಅಂಟಿಸಿತ್ತು.

ಒಂದು ಮಧ್ಯಾಹ್ನ ಕೆಲಸ ಇರಲಿಲ್ಲ. ಸರ್ಚ್ ಬಾಕ್ಸಲ್ಲಿ ನಮ್ಮ ಕ್ಲಾಸಿನ ಒಬ್ಬರ ಹೆಸರು ಹೊಡೆದೆ. ಸುಮ್ನೆ, ಕುತೂಹಲಕ್ಕೆ. ಎರಡೇ ಸೆಕೆಂಡಲ್ಲಿ ಇಡೀ ಮನೆ ಸ್ಕ್ರೀನ್ ಮೇಲೆ ಬಂತು. ಏನಿತ್ತು ಅಂತ ಇಲ್ಲಿ ಬರೆಯಲ್ಲ.

ಆ ವೆಬ್‌ಸೈಟಿಗೆ ಎನ್‌ಕ್ರಿಪ್ಶನ್ ಇತ್ತು. ಅಂದ್ರೆ ನೀವು ಮೊಬೈಲಿಂದ ಕಳಿಸಿದ ಅರ್ಜಿ ದಾರಿಯಲ್ಲಿ ಅರ್ಥವಾಗದ ಅಕ್ಷರಗಳಾಗಿ ಹೋಗುತ್ತೆ, ನಡುವೆ ಕದ್ದವನಿಗೆ ಸಿಗೋದು ಬರೀ ಕಸ. ವಾಟ್ಸಾಪಲ್ಲಿ ಆ ಬೀಗ ಓದುವವರ ಫೋನಲ್ಲೇ ತೆರೆಯುತ್ತೆ, ನಡುವಿನ ಕಂಪನಿಯೂ ಓದೋಕಾಗಲ್ಲ. ಸರ್ಕಾರಿ ಅರ್ಜಿಯ ಆ ಕಡೆ ತುದಿ ಅಂದ್ರೆ ಕಚೇರಿನೇ. ಅಲ್ಲಿ ಯಾರಾದರೂ ಓದಲೇಬೇಕು. ಆವತ್ತು ಆ ತುದಿಯಲ್ಲಿ ಕೂತಿದ್ದು ನಾನು.

ನಮ್ಮದೇ ರಾಜ್ಯದ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟ್‌ಗೆ ಹೋದ್ರು. ಅದೇ ಕೇಸಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಹೇಳಿತು. ಇದನ್ನ ನಾನು ಪರೀಕ್ಷೆಗೆ ಓದಿದ್ದೆ, ಬರೆದೂ ಇದ್ದೆ. ಆದ್ರೂ ಹೆಸರು ಹೊಡೆದೆ.

ಆಡಿಟಿಂಗ್ ಕ್ಲಾಸಲ್ಲಿ ಇಂಟರ್ನಲ್ ಚೆಕ್ ಅಂತ ಕಲಿತೀವಲ್ಲ? ಕ್ಯಾಶ್ ಮುಟ್ಟುವವರೇ ಲೆಕ್ಕ ಬರೀಬಾರದು ಅಂತ. ಡೇಟಾಗೂ ಅದೇ ಬೇಕು. ಒಬ್ಬೊಬ್ಬರಿಗೂ ಬೇರೆ ಲಾಗಿನ್, ಯಾರು ಯಾವಾಗ ಯಾರ ಫೈಲ್ ತೆರೆದ್ರು ಅನ್ನೋ ದಾಖಲೆ. ಒಂದೇ ಪಾಸ್‌ವರ್ಡನ್ನ ನಾಲ್ಕು ಜನ ಬಳಸಿದ್ರೆ ದಾಖಲೆ ಇದ್ದರೂ ಅದು ಸುಳ್ಳು ಹೇಳುತ್ತೆ. ನನ್ನ ತಪ್ಪು ಇವತ್ತಿಗೂ ಆ ನೌಕರರ ಹೆಸರಲ್ಲೇ ಕೂತಿರುತ್ತೆ.

ಮೊನ್ನೆ ಆ ಕ್ಲಾಸ್‌ಮೇಟ್‌ಗೆ ನಾನೇ ಹೋಗಿ ಹೇಳಿದೆ. ಬೈಗುಳ ಬೀಳುತ್ತೆ ಅಂದ್ಕೊಂಡಿದ್ದೆ. ಬಂದಿದ್ದು ಒಂದೇ ಪ್ರಶ್ನೆ: “ಬೇರೆ ಯಾರಿಗೆ ಹೇಳಿದ್ದೀಯ?” ಯಾರಿಗೂ ಇಲ್ಲ ಅಂದೆ. ಅದು ನಿಜ. ಆದ್ರೆ ಅದನ್ನ ನಂಬೋಕೆ ನನ್ನ ಮಾತು ಬಿಟ್ಟು ಬೇರೆ ಸಾಕ್ಷಿ ಏನೂ ಇಲ್ಲ. ಇಷ್ಟು ಬರೆಯೋಕೆ ಒಪ್ಪಿಗೆ ಕೇಳಿದೆ, ಕೊಟ್ರು.

ನಮ್ಮಲ್ಲಿ ತುಂಬಾ ಜನ ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದ್ತಿದ್ದೀರ. ನಾಳೆ ಆ ಕುರ್ಚಿ ನಿಮ್ಮದು. ಸರ್ಚ್ ಬಾಕ್ಸ್ ಖಾಲಿ ಇರುತ್ತೆ, ಮಧ್ಯಾಹ್ನ ಕೆಲಸ ಇರಲ್ಲ, ಯಾರೂ ನೋಡ್ತಿರಲ್ಲ. ಆಗ ಈ ಪೋಸ್ಟ್ ನೆನಪಾದ್ರೆ ಸಾಕು.

ಅಲ್ಲೀವರೆಗೆ ಒಂದು ಸಣ್ಣ ಕೆಲಸ: ಪೂರ್ತಿ ಆಧಾರ್ ಬೇಕೇ ಬೇಕು ಅನ್ನದ ಕಡೆ ಮಾಸ್ಕ್ಡ್ ಆಧಾರ್ ಕೊಡಿ. 12 ಅಂಕಿಯಲ್ಲಿ ಕೊನೆಯ 4 ಮಾತ್ರ ಕಾಣುತ್ತೆ.

ಭಾಗ 5 ಮುಂದಿನ ಭಾನುವಾರ.

#ಖಾಸಗಿತನ #ಬಿಕಾಂಡೈರಿ #ಕನ್ನಡದಲ್ಲಿ