ಬೀಳಗಿಯ ಗೋಹರಬಾಯಿ

ಗಿಣಿಗೇರಾದ ನಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜನವರದೊಂದು ಗ್ರಾಮೋಫೋನು ಇದ್ದಿತು. ರೈಲ್ವೆಯ ನೌಕರಿಯಲ್ಲಿದ್ದ ಅವರಿಗೆ ಹುಬ್ಬಳ್ಳಿಯಲ್ಲಿದ್ದಾಗ ಮರಾಠೀ ಸಂಗೀತ ನಾಟಕಗಳ ಹುಚ್ಚು ಹತ್ತಿದ್ದಿತು. ಬಾಲಗಂಧರ್ವರ ತಟ್ಟೆ ಮುಗಿದೊಡನೆ ಮುಳ್ಳನ್ನೆತ್ತಿ, ನಿಟ್ಟುಸಿರಿಟ್ಟು, “ಇಂಥಾ ಗಂಧರ್ವನ್ನ ಆ ಬೀಳಗಿಯಾಕಿ ಮುಳುಗಿಸಿಬಿಟ್ಟಳೋ ತಮ್ಮಾ!” ಎನ್ನುತ್ತಿದ್ದರು.

ಆ ಬೀಳಗಿಯಾಕೆಯೇ ಗೋಹರಬಾಯಿ ಕರ್ನಾಟಕಿ. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತಳಾದ ಅಮೀರಬಾಯಿಯ ಒಡಹುಟ್ಟಿದವಳು. ಅಜ್ಜನವರ ಮಾತನ್ನು ನಾನು ಬಹುಕಾಲ ಪಂಚಾಂಗದ ಮಾತಿನಂತೆ ನಂಬಿದ್ದೆನು. ಈಚೆಗೆ ಇಸವಿಗಳನ್ನು ಒಂದರ ಪಕ್ಕಕ್ಕೊಂದು ಬರೆದು ನೋಡಿದಾಗ ಲೆಕ್ಕ ಕೂಡಲಿಲ್ಲ.

ಗಂಧರ್ವ ನಾಟಕ ಮಂಡಳಿಯು ಹುಟ್ಟಿದುದು 1913ರಲ್ಲಿ. ರಂಗದ ಮೇಲೆ ಬೆಲೆಬಾಳುವ ರತ್ನಗಂಬಳಿ, ನಿಜವಾದ ಅತ್ತರು. ಕೈ ಬಿಗಿಹಿಡಿಯುವ ವಿದ್ಯೆಯೊಂದು ಮಾತ್ರ ಬಾಲಗಂಧರ್ವರಿಗೆ ಬಾರದು. ಸಾಲ ಬೆಳೆಯಿತು. ಮಾತಿನ ಚಿತ್ರಗಳು ಬಂದು ಪ್ರೇಕ್ಷಕರನ್ನು ಸೆಳೆದವು. 1935ರಲ್ಲಿ ಅವರು ತಾವೇ ‘ಧರ್ಮಾತ್ಮಾ’ ಚಿತ್ರದಲ್ಲಿ ಏಕನಾಥರಾಗಿ ಕಾಣಿಸಿಕೊಂಡರು. ಗೋಹರಬಾಯಿ ಅವರೊಡನೆ ಸೇರಿದುದೋ 1938ರಲ್ಲಿ! ಹಡಗು ಮುಳುಗಿದ ಮೇಲೆ ಬಂದವಳ ಮೇಲೆ ತೂತು ಕೊರೆದ ಅಪವಾದ.

ಆಕೆ ವಹಿಸಿಕೊಂಡ ಕೆಲಸವಾದರೂ ಎಂಥದು! ಬಾಲಗಂಧರ್ವರು ಮೂರು ದಶಕಗಳ ಕಾಲ ನಾಯಿಕೆಯಾಗಿ ಮೆರೆದವರು. ಕುಲೀನ ಸ್ತ್ರೀಯರೂ ಅವರನ್ನು ನೋಡಿ ಸೀರೆಯುಡುವುದನ್ನು ಕಲಿತರೆಂದು ಪ್ರತೀತಿ. ವಯಸ್ಸು ಐವತ್ತಕ್ಕೆ ಮುಟ್ಟಿದಾಗ ಅವರು ಪುರುಷವೇಷದತ್ತ ತಿರುಗಿದರು. ಅವರು ತೆರವು ಮಾಡಿದ ಜಾಗದಲ್ಲಿ, ಅವರೆದುರಿಗೇ, ಅವರದೇ ಧಾಟಿಯಲ್ಲಿ, ತನ್ನದಲ್ಲದ ಮರಾಠಿಯಲ್ಲಿ ಈ ಕನ್ನಡ ನಾಡಿನ ಮುಸಲ್ಮಾನ ಹೆಣ್ಣುಮಗಳು ಹಾಡಬೇಕಾಯಿತು. ಅಜ್ಜನವರು ಒಮ್ಮೆ ಆಕೆಯ ಆಟ ನೋಡಿದ್ದರಂತೆ. “ಹಾಡು ಛಲೋ ಇತ್ತು. ಆದರ ಹೆಣ್ಣಿನ ನಡಿಗಿ ಗಂಧರ್ವರಿಗೇ ಬರತಿತ್ತು” ಎಂದಿದ್ದರು. ಹೆಣ್ಣಾಗಿ ಹುಟ್ಟಿಯೂ ಈ ಪರೀಕ್ಷೆಯಲ್ಲಿ ಆಕೆಗೆ ಉತ್ತೀರ್ಣತೆಯಿಲ್ಲ. ನನಗೆ ಆಗ ನಗೆ ಬಂದಿದ್ದಿತು, ಈಗ ಬರುವುದಿಲ್ಲ.

1951ರಲ್ಲಿ ಅವರಿಬ್ಬರ ವಿವಾಹವಾಯಿತು. ಅಭಿಮಾನಿಗಳು ಮುನಿದರು. ಮುಂದೆ ಬಾಲಗಂಧರ್ವರ ಕಾಲುಗಳು ಸ್ವಾಧೀನ ತಪ್ಪಿದವು. ಮುನಿದವರು ತಟ್ಟೆಗಳನ್ನು ಕೇಳುತ್ತ ಮನೆಯಲ್ಲಿದ್ದರು, ಬಳಿಯಲ್ಲಿದ್ದವಳು ಆಕೆ. 1964ರಲ್ಲಿ ಆಕೆ ತೀರಿಕೊಂಡಳು, ಅವರು 1967ರಲ್ಲಿ.

ಈ ಇಸವಿಗಳನ್ನು ಅಜ್ಜನವರ ಮುಂದಿಟ್ಟು ವಾದಿಸಬೇಕಾಗಿದ್ದಿತು. ನಾನು ಲೆಕ್ಕಕ್ಕೆ ಕುಳಿತಾಗ ಅವರಿರಲಿಲ್ಲ. ಗ್ರಾಮೋಫೋನು ಅಟ್ಟದ ಮೇಲಿದೆ. ಅದರ ಮುಳ್ಳು ಎಲ್ಲಿಯೋ ಕಳೆದುಹೋಗಿದೆ.