ಸುಂಕದವನಿಲ್ಲದ ಸುಂಕದಕಟ್ಟೆ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ನಮ್ಮ ಹಿರಿಯರು ಅನುಭವವಿಲ್ಲದೆ ಕಟ್ಟಿದವರಲ್ಲ. ಆದರೂ ಆ ಕಾಲದಲ್ಲಿ ಹೇಳಿಕೊಳ್ಳುವುದಕ್ಕೆ ಒಬ್ಬ ಮನುಷ್ಯನಾದರೂ ಕಟ್ಟೆಯ ಮೇಲೆ ಕುಳಿತಿರುತ್ತಿದ್ದನು. ಅವನು ಕೈ ನೀಡುವನು, ದಾರಿಗನು ಕಾಸು ಕೊಡುವನು. ಋಣವು ಅಲ್ಲಿಗೆ ತೀರುವುದು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಹೊಳೆ ದಾಟುವವರ ಸುಂಕವನ್ನು ಹೇಳಿದೆ. ಬಂಡಿಗೆ ಒಂದು ಪಣ, ಹೊರೆ ಹೊತ್ತವನಿಗೆ ಅರ್ಧ ಪಣ, ಬರಿಗೈಯವನಿಗೆ ಪಣದ ಎಂಟನೆಯ ಒಂದು ಪಾಲು. ಗರ್ಭಿಣಿಯರಿಗೂ ಸಂನ್ಯಾಸಿಗಳಿಗೂ ಬ್ರಾಹ್ಮಣರಿಗೂ ಮಾಫಿ. ಎದುರಿಗೆ ನಿಂತು ನೋಡುವ ಕಣ್ಣುಗಳಿದ್ದರೆ ತಾನೆ ಇಂತಹ ಮಾಫಿಗೆ ಅವಕಾಶ?

ಅಂತಹ ಕಣ್ಣುಗಳಿಲ್ಲದ ಸುಂಕದಕಟ್ಟೆಯೊಂದನ್ನು ನಾವು 2024ನೆಯ ಇಸವಿ ಸೆಪ್ಟೆಂಬರು ತಿಂಗಳಲ್ಲಿ ಅಮೇರಿಕದ ಪಶ್ಚಿಮ ತೀರದಲ್ಲಿರುವ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕಂಡೆವು. ಆ ದೇಶದ ನಡುನಾಡಿನಲ್ಲಿ ನೆಲೆಸಿರುವ ಮಗಳು ಅಳಿಯಂದಿರೊಡನೆ ವಿಮಾನದಲ್ಲಿ ಬಂದಿಳಿದು, ಐದು ದಿನಗಳ ಮಟ್ಟಿಗೆ ಮೋಟಾರೊಂದನ್ನು ಬಾಡಿಗೆಗೆ ಗೊತ್ತುಮಾಡಿಕೊಂಡಿದ್ದೆವು. ಅಲ್ಲಿ ಗಾಡಿಯೊಡನೆ ಚಾಲಕನು ಬರುವುದಿಲ್ಲ. ಬೀಗದ ಕೈಯನ್ನು ಕೊಟ್ಟು ಕಳುಹಿಸುತ್ತಾರೆ, ನಡೆಸಿಕೊಳ್ಳತಕ್ಕವರು ನಾವೇ.

ಗೋಲ್ಡನ್ ಗೇಟ್ ಎಂಬುದು ಮೊದಲಿಗೆ ಸೇತುವೆಯ ಹೆಸರಲ್ಲ. ಶಾಂತಸಾಗರವು ಒಳಕೊಲ್ಲಿಗೆ ಪ್ರವೇಶಿಸುವ ಇಕ್ಕಟ್ಟಾದ ಜಲದ್ವಾರಕ್ಕೆ 1846ರಲ್ಲಿ ಫ್ರೀಮಾಂಟ್ ಎಂಬಾತನು ಇಟ್ಟ ಹೆಸರು. ಆ ಪ್ರಾಂತದಲ್ಲಿ ಚಿನ್ನವು ದೊರೆತದ್ದು ಎರಡು ವರುಷಗಳ ತರುವಾಯ; ಹೆಸರು ಮೊದಲು, ಹೊನ್ನು ಆಮೇಲೆ. ಸೇತುವೆಗೆ ಹೊನ್ನಿನ ಬಣ್ಣವೂ ಇಲ್ಲ, ಕಾವಿಗೆ ಸಮೀಪವಾದ ಕಿತ್ತಳೆಗೆಂಪು. 746 ಅಡಿ ಎತ್ತರದ ಎರಡು ಗೋಪುರಗಳು ನೀರಿನಿಂದೆದ್ದು ನಿಂತಿವೆ. ಅವುಗಳ ನಡುವೆ 4200 ಅಡಿಗಳ ದಾರಿಯು ಉಕ್ಕಿನ ಹಗ್ಗಗಳಿಂದ ತೂಗುತ್ತದೆ. ನಾವು ಹೋದ ದಿನ ಬೆಳಗಿನ ಮಂಜು ಕೆಳಗಿನ ನೀರನ್ನು ಮುಚ್ಚಿತ್ತು. ಗೋಪುರಗಳ ತುದಿಗಳು ಮಾತ್ರ ಬಿಸಿಲಿನಲ್ಲಿದ್ದವು. ನಮ್ಮ ಮನೆಯವರು ಕೈಮುಗಿದರು. ನಾವೂ ಬೇಡವೆನ್ನಲಿಲ್ಲ.

ಕೈಮುಗಿಯುವುದಕ್ಕೆ ತಕ್ಕ ಕಾರಣವೂ ಉಂಟು. ಈ ಸೇತುವೆಯನ್ನು ಕಟ್ಟಿದ್ದು ಯಾವ ದೊರೆಯ ಬೊಕ್ಕಸವೂ ಅಲ್ಲ. 1930ರಲ್ಲಿ, ದೇಶವೆಲ್ಲ ದಾರಿದ್ರ್ಯದಲ್ಲಿ ಮುಳುಗುತ್ತಿದ್ದಾಗ, ಸುತ್ತಲಿನ ಜಿಲ್ಲೆಗಳ ಜನರು ತಮ್ಮ ಮನೆಮಾರು, ಹೊಲಗದ್ದೆ, ಅಂಗಡಿಗಳನ್ನು ಆಧಾರವಾಗಿ ಒಡ್ಡಿ ಮೂರೂವರೆ ಕೋಟಿ ಡಾಲರು ಸಾಲವೆತ್ತಲು ಮತ ನೀಡಿದರು. 1933ರ ಜನವರಿಯಲ್ಲಿ ಕೆಲಸವು ಮೊದಲಾಯಿತು. ಕೆಲಸಗಾರರು ಬಿದ್ದರೆ ಹಿಡಿಯಲೆಂದು ಕೆಳಗೆ ಬಲೆಯನ್ನು ಕಟ್ಟಿದ್ದರು. ಹತ್ತೊಂಬತ್ತು ಮಂದಿ ಅದರಿಂದ ಬದುಕಿಕೊಂಡರು. 1937ರ ಫೆಬ್ರವರಿ 17ರಂದು ಅಟ್ಟಣೆಯು ಕಳಚಿ ಬಲೆಯನ್ನೂ ಹರಿದುಕೊಂಡು ಬಿದ್ದು ಹತ್ತು ಮಂದಿ ಮೃತರಾದರು. ಅದಕ್ಕೆ ಮುಂಚೆ ಒಬ್ಬನು ಸತ್ತಿದ್ದನು. ಅದೇ ವರುಷದ ಮೇ ತಿಂಗಳಲ್ಲಿ ಸೇತುವೆಯು ತೆರೆಯಿತು. ಅಂದಿನ ಸುಂಕ ದಾಟಿದಾಗಲೆಲ್ಲ ಐವತ್ತು ಸೆಂಟು. ಆ ಕಾಸುಗಳೇ ಕೂಡಿ ಕೂಡಿ 1971ರಲ್ಲಿ ಅಸಲೂ, ಅಸಲಿಗಿಂತ ಹೆಚ್ಚಾದ ಬಡ್ಡಿಯೂ ತೀರಿದವು. ಒತ್ತೆಯಿಟ್ಟ ಮನೆಗಳು ಉಳಿದವು. ಇಂದಿನ ಸುಂಕವು ದುರಸ್ತಿಗೂ ಬಣ್ಣಕ್ಕೂ ಊರ ಜನರ ಬಸ್ಸು ದೋಣಿಗಳಿಗೂ ಸಲ್ಲುತ್ತದೆ.

1968ರಿಂದ ಸುಂಕವು ದಕ್ಷಿಣಾಭಿಮುಖವಾಗಿ, ಎಂದರೆ ನಗರದ ಕಡೆಗೆ ಬರುವವರಿಗೆ ಮಾತ್ರ. ಹೋಗುವಾಗ ಬಿಟ್ಟಿ, ಬರುವಾಗ ತೆರಿಗೆ. 2013ರ ಮಾರ್ಚಿ 27ರಂದು ಸುಂಕದವರನ್ನು ತೆಗೆದು ಯಂತ್ರವನ್ನಿಟ್ಟರು. ಈಗ ಗಾಡಿಯು ಕಟ್ಟೆಯ ಕೆಳಗೆ ಹಾಯುವಾಗ ಅದರ ಸಂಖ್ಯಾಫಲಕದ ಪಟವನ್ನು ಕ್ಯಾಮರಾ ತೆಗೆದುಕೊಳ್ಳುತ್ತದೆ. ಕಂಬವಿಲ್ಲ, ಗೇಟಿಲ್ಲ, ಚೀಟಿಯಿಲ್ಲ. ಸಾಯಂಕಾಲ ಹಿಂದಿರುಗುವಾಗ ನಮ್ಮ ಮನೆಯವರು ಗಾಬರಿಯಿಂದ, "ದುಡ್ಡು ಕೊಡದೆಯೇ ಬಂದುಬಿಟ್ಟಿರಲ್ಲ! ಹಿಂದಿನಿಂದ ಯಾರೂ ಕೂಗಲಿಲ್ಲವೆ?" ಎಂದರು. ಅಳಿಯಂದಿರು ನಕ್ಕು, "ಕೂಗುವವರು ಯಾರೂ ಇಲ್ಲ, ಅತ್ತೆ. ಪಟ ತೆಗೆದುಕೊಂಡಾಯಿತು. ಬಿಲ್ಲು ಹಿಂದೆ ಬರುತ್ತದೆ" ಎಂದರು.

ಬಿಲ್ಲು ಯಾರ ಹಿಂದೆ ಬರುತ್ತದೆ? ಇಲ್ಲಿಯೇ ಬಾಡಿಗೆಯ ಗಾಡಿಯವರು ಎಚ್ಚರದಿಂದಿರಬೇಕಾದದ್ದು. ಯಂತ್ರವು ಕಂಡದ್ದು ಸಂಖ್ಯೆಯನ್ನು. ಆ ಸಂಖ್ಯೆಯ ಒಡೆಯನು ಬಾಡಿಗೆ ಸಂಸ್ಥೆ. ಸುಂಕದ ಲೆಕ್ಕವು ಸಂಸ್ಥೆಗೆ ಹೋಗುತ್ತದೆ, ಸಂಸ್ಥೆಯು ಸಲ್ಲಿಸಿ ಗಿರಾಕಿಯ ಕಾರ್ಡಿನಿಂದ ವಸೂಲು ಮಾಡುತ್ತದೆ. ಅಷ್ಟೇ ಆಗಿದ್ದರೆ ನ್ಯಾಯವೇ. ಆದರೆ ಈ ಉಪಕಾರಕ್ಕಾಗಿ ಸಂಸ್ಥೆಗಳು ದಿನವಹಿ ಶುಲ್ಕವೊಂದನ್ನು ಕೂಡಿಸುತ್ತವೆ. ಕೆಲವು ಸಂಸ್ಥೆಗಳು ಸುಂಕ ಬಿದ್ದ ದಿನಕ್ಕೆ ಮಾತ್ರ ಇದನ್ನು ಹಾಕಿದರೆ, ಮತ್ತೆ ಕೆಲವು ಗಾಡಿಯು ನಮ್ಮ ವಶದಲ್ಲಿದ್ದ ದಿನಗಳಿಗೆಲ್ಲ ಹಾಕುತ್ತವೆ. ಅಳಿಯಂದಿರ ಸ್ನೇಹಿತರೊಬ್ಬರು ಹಿಂದೊಮ್ಮೆ ಈ ಸೇತುವೆಯನ್ನು ಒಂದೇ ಸಲ ದಾಟಿ, ಉಳಿದ ದಿನಗಳೆಲ್ಲ ಗಾಡಿಯನ್ನು ವಸತಿಗೃಹದ ಅಂಗಳದಲ್ಲಿ ನಿಲ್ಲಿಸಿದ್ದರೂ, ಸುಂಕಕ್ಕಿಂತ ಶುಲ್ಕವನ್ನೇ ಹೆಚ್ಚಾಗಿ ತೆತ್ತರಂತೆ. ದಂಡಕ್ಕಿಂತ ದಂಡದ ಕೂಲಿ ದೊಡ್ಡದಾಯಿತು! ಇಂತಹ ಶುಲ್ಕದ ವಿಷಯವಾಗಿಯೇ 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ವಕೀಲರು ದೊಡ್ಡ ಬಾಡಿಗೆ ಸಂಸ್ಥೆಯೊಂದರ ಮೇಲೆ ದಾವೆ ಹೂಡಿದ್ದರು. 2019ರಲ್ಲಿ ಅದು ರಾಜಿಯಾಯಿತು.

ಮನೆಗಳನ್ನು ಒತ್ತೆಯಿಟ್ಟವರ ಸೇತುವೆಗೆ ಸಲ್ಲುವ ಹಣವನ್ನು ತೆರಲು ನಮಗೇನೂ ಬೇಸರವಿರಲಿಲ್ಲ. ನಡುವೆ ಕುಳಿತವರಿಗೆ ತೆರುವುದು ಬೇರೆಯ ಮಾತು. ಆದುದರಿಂದ ಗಾಡಿಯನ್ನು ಪಡೆಯುವಾಗಲೇ, ರುಜು ಹಾಕುವ ಕಾಗದದಲ್ಲಿ ಸುಂಕದ ಷರತ್ತು ಏನೆಂದು ಓದಿಸಿ ಕೇಳಿದೆವು. ಹಿಂದೆ ಮೂರು ಮಂದಿ ಕಾದು ನಿಂತಿದ್ದರು. ಗುಮಾಸ್ತೆಯು ಬೇಗ ರುಜು ಹಾಕಲೆಂದು ಬೆರಳು ತೋರಿಸುತ್ತಿದ್ದಳು. ಅವಸರವು ನಮ್ಮದಲ್ಲವಷ್ಟೆ. ಸುಂಕದ ಏರ್ಪಾಡು ಬೇಡವೆಂದು ಹೇಳಿದೆವು. ಗಾಜಿಗೆ ಅಂಟಿಸಿದ್ದ ಚಿಕ್ಕ ಪೆಟ್ಟಿಗೆಯೊಂದಿತ್ತು. ಅದನ್ನು ತೆರೆದರೆ ಸಂಸ್ಥೆಯ ಲೆಕ್ಕಕ್ಕೆ ಸುಂಕ ಬೀಳುವುದೆಂದು ತಿಳಿದು ಮುಚ್ಚಿಯೇ ಇಟ್ಟೆವು.

ಗಾಡಿಯ ಸಂಖ್ಯೆಯ ಮೇಲೆ ದಾರಿಗನು ತಾನೇ ಸುಂಕವನ್ನು ಕಟ್ಟಲು ಅಲ್ಲಿ ಅವಕಾಶವುಂಟು. ದಾಟುವುದಕ್ಕೆ ಮೂವತ್ತು ದಿನ ಮುಂಚಿನಿಂದ, ದಾಟಿದ ನಲವತ್ತೆಂಟು ಗಂಟೆಗಳವರೆಗೆ ಅಂತರಜಾಲದಲ್ಲಿ ಕಟ್ಟಬಹುದು. ಆ 2024ನೆಯ ಇಸವಿಯಲ್ಲಿ ಹೀಗೆ ಕಟ್ಟುವವರಿಗೆ ಒಂಬತ್ತೂವರೆ ಡಾಲರು. ಬಿಲ್ಲು ಬರಲೆಂದು ಕಾದವರಿಗೆ ಹತ್ತೂಕಾಲು. ಪ್ರತಿ ಜುಲೈ ತಿಂಗಳಿಗೂ ದರ ಏರುವಂತೆ ನಿಶ್ಚಯಿಸಿರುವುದರಿಂದ ಹೋಗುವವರು ಆಗಿನ ದರವನ್ನು ವಿಚಾರಿಸಿಕೊಳ್ಳಬೇಕು. ಇನ್ನೊಂದು ಸೂಕ್ಷ್ಮವಿದೆ: ಬಾಡಿಗೆಯ ಗಾಡಿಯು ಕ್ಯಾಲಿಫೋರ್ನಿಯಾದಲ್ಲಿ ಓಡಿದರೂ ಬೇರೆ ಸಂಸ್ಥಾನದ ದಾಖಲೆಯದಾಗಿರಬಹುದು. ಸಂಖ್ಯೆಯೊಡನೆ ಫಲಕದ ಮೇಲಿನ ಸಂಸ್ಥಾನದ ಹೆಸರನ್ನೂ ಸರಿಯಾಗಿ ನಮೂದಿಸದಿದ್ದರೆ, ಕಟ್ಟಿದ ಹಣ ಯಾವುದೋ ಗಾಡಿಯ ಪುಣ್ಯಕ್ಕೆ ಸೇರುತ್ತದೆ.

ಆ ರಾತ್ರಿ ವಸತಿಗೃಹದಲ್ಲಿ ಊಟವಾದ ಮೇಲೆ ಮಗಳು ಫಲಕದ ಪಟವನ್ನು ನೋಡಿ ಒಂದೊಂದೇ ಅಕ್ಷರವನ್ನು ಹೇಳಿದಳು, ಅಳಿಯಂದಿರು ಬರೆದರು, ನಾವು ಹಳೆಯ ಉಪಾಧ್ಯಾಯ ವೃತ್ತಿಯ ಚಾಳಿಯಿಂದ ಮತ್ತೊಮ್ಮೆ ಒಪ್ಪಿಸಿಕೊಂಡೆವು. ಸೊನ್ನೆಯೋ ಓ ಎಂಬ ಅಕ್ಷರವೋ ಎಂದು ಸ್ವಲ್ಪ ವಾದವೂ ನಡೆಯಿತು. ಮೊಮ್ಮಗಳು ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಹೋಗಿ ನೋಡಿಕೊಂಡು ಬಂದು ಸೊನ್ನೆಯೆಂದಳು. ರಸೀತಿಯು ಬಂದಿತು. ಅದನ್ನು ಜೋಪಾನವಾಗಿರಿಸಿಕೊಂಡೆವು. ಮುಂದಿನ ತಿಂಗಳು ಕಾರ್ಡಿನ ಲೆಕ್ಕವು ಬಂದಾಗ ಅಳಿಯಂದಿರು ಅದನ್ನು ನಮಗೂ ತೋರಿಸಿದರು: ಗಾಡಿಯ ಐದು ದಿನದ ಬಾಡಿಗೆ, ಮತ್ತೊಂದು ಸಾಲಿನಲ್ಲಿ ಸೇತುವೆಯ ಒಂಬತ್ತೂವರೆ ಡಾಲರು.