ಚಾವಡಿಯ ರಾಜಕೀಯ

ಕಾಪುವಿನಿಂದ ಶಿರ್ವ, ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ರಾಜಕೀಯ ಸಿಗುತ್ತದೆ. ಈ ಸೀಮೆಯ ಕಾದಂಬರಿಗಳಲ್ಲಿ ಮಾತ್ರ ವಿಧಾನಸೌಧದ ಮೆಟ್ಟಿಲು ಹತ್ತುವವರು ಕಡಿಮೆ. ಜಗಳವೆಲ್ಲ ಚಾವಡಿಯಲ್ಲೇ.

ಕಾರ್ಕಳದ ಶಾಸಕರಾಗಿದ್ದು 1992ರಲ್ಲಿ ಮುಖ್ಯಮಂತ್ರಿಯಾದ ವೀರಪ್ಪ ಮೊಯಿಲಿಯವರನ್ನೇ ನೋಡಿ. ಒಳಗಿನ ಆಟವೆಲ್ಲ ಕಣ್ಣಾರೆ ಕಂಡವರು. ಕಾದಂಬರಿಗೆ ಕೂತಾಗ ‘ಕೊಟ್ಟ’ದಲ್ಲಿ ಕೊರಗರ ಬಳಿಗೆ, ‘ತೆಂಬರೆ’ಯಲ್ಲಿ ಭೂತ ಕಟ್ಟುವ ಪಂಬದರ ಬಳಿಗೆ ಹೋದರು. (ಸಂಪುಟ ಸಭೆಯ ಕಥೆಯನ್ನೂ ಬರೆಯಬಾರದಿತ್ತೇ ಎಂಬ ಚಪಲ ನನಗಿದೆ.)

ಕೋಟದ ಕಾರಂತರು ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣ ಮರಳಿಸಿದವರು; 1989ರಲ್ಲಿ ಲೋಕಸಭೆಗೆ ನಿಂತು ಸೋತವರು. ಅವರ ‘ಚೋಮನ ದುಡಿ’ಯಲ್ಲಿ ಭಾಷಣವಿಲ್ಲ. ಚೋಮನಿಗೆ ಬೇಕಾದದ್ದು ಬೇಸಾಯಕ್ಕೊಂದು ತುಂಡು ಗದ್ದೆ. ಧಣಿಯ ಮನಸ್ಸು ಕರಗುತ್ತದೆ, ಧಣಿಯ ತಾಯಿ ಒಪ್ಪುವುದಿಲ್ಲ. ಇಡೀ ವ್ಯವಸ್ಥೆಯ ತೀರ್ಪು ಮನೆಯೊಳಗಿಂದ ಬರುತ್ತದೆ.

ಆ ಕಾದಂಬರಿ ಬಂದದ್ದು 1933ರಲ್ಲಿ. ಭೂಸುಧಾರಣೆಯ ಕಾನೂನು ಬಿಗಿಯಾದದ್ದು 1974ರಲ್ಲಿ. ಚಾಲಗೇಣಿಯವರು, ಮೂಲಗೇಣಿಯವರು ಉಳುವ ಭೂಮಿ ತಮಗೆ ಬರಲೆಂದು ಡಿಕ್ಲರೇಶನ್ ಕೊಟ್ಟರು. ಚೋಮನಂಥವರಿಗೆ ಗೇಣಿಯ ಭೂಮಿಯೂ ಇರಲಿಲ್ಲವಲ್ಲ, ಅವರು ಏನೆಂದು ಡಿಕ್ಲರೇಶನ್ ಕೊಟ್ಟಾರು?

ನಮ್ಮ ಮನೆಯ ಒಕ್ಕಲಿನವರು ಡಿಕ್ಲರೇಶನ್ ಕೊಟ್ಟ ಮೇಲೆ ಅಜ್ಜ ಅವರ ಹೆಸರನ್ನೇ ಎತ್ತಲಿಲ್ಲವಂತೆ. ಅಜ್ಜಿ ಮಾತ್ರ ಆ ಮನೆಯ ಸೊಸೆಗೆ ಹಿತ್ತಿಲ ಬಾಗಿಲಿನಿಂದ ಬಾಣಂತಿ ಲೇಹ್ಯ ಕಳಿಸುತ್ತಿದ್ದರಂತೆ. ಭೂಸುಧಾರಣೆಯ ಟ್ರಿಬ್ಯೂನಲ್ಲಿನಲ್ಲಿ ಎದುರುಬದುರು ನಿಂತವರಿಗೆ ಹಿತ್ತಿಲಲ್ಲಿ ಕೊಡುಕೊಳ್ಳುವಿಕೆ. ವರದಿಗಾರನಿಗೆ ಟ್ರಿಬ್ಯೂನಲ್ ಸಾಕು. ಕಾದಂಬರಿಕಾರನಿಗೆ ಆ ಲೇಹ್ಯದ ಭರಣಿಯೂ ಬೇಕು. ಅದನ್ನು ಕಂಡೂ ಕಾಣದಂತೆ ಜಗಲಿಯಲ್ಲಿ ವೀಳ್ಯ ಮೆಲ್ಲುತ್ತ ಕೂತ ಅಜ್ಜನಂತೂ ಬೇಕೇ ಬೇಕು.

ಕಾಂತಾವರದಲ್ಲಿ ವೈದ್ಯರಾಗಿದ್ದ ನಾ. ಮೊಗಸಾಲೆಯವರ ‘ಉಲ್ಲಂಘನೆ’ ನನಗೆ ಹಿಡಿಸುವುದು ಇದಕ್ಕೇ. ಅಳಿಯಕಟ್ಟಿನ ಬಂಟ ಮನೆತನವೊಂದರ ತಲೆಮಾರುಗಳ ಕಥೆ ಅದು. ಮನೆಮನೆಯ ನಾಡಿ ಹಿಡಿದ ವೈದ್ಯರಿಗೆ ಯಾವ ಮನೆಯ ಯಜಮಾನಿಕೆ ಎಲ್ಲಿ ಸಡಿಲಾಯಿತೆಂದು ಬೇರೆ ಯಾರೂ ಹೇಳಬೇಕಿರಲಿಲ್ಲ.

ಇನ್ನು ಹೊಸ ಕಾಲದ ಜಗಳಗಳು. ಕಾಪು ಕಡೆಯ ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದ ವಿರುದ್ಧ ವರ್ಷಗಟ್ಟಲೆ ಹೋರಾಟ ನಡೆಯಿತು. ಭಾಷಣ, ಮನವಿಪತ್ರ ಪೇಪರಿನಲ್ಲಿ ಬಂದವು. ಜಾಗ ಕೊಟ್ಟ ಅಣ್ಣನೂ ಕೊಡದ ತಮ್ಮನೂ ಒಂದೇ ನಾಗಬನದಲ್ಲಿ ತಂಬಿಲಕ್ಕೆ ನಿಂತಾಗ ಏನು ಮಾತಾಡಿಕೊಂಡಾರು? ಅದನ್ನು ಯಾರಾದರೂ ಕಾದಂಬರಿ ಮಾಡಿದ್ದರೆ ತಿಳಿಸಿ. ಉಡುಪಿಯ ಅಂಗಡಿಯಲ್ಲಿ ದುಡ್ಡು ಕೊಟ್ಟೇ ಕೊಳ್ಳುತ್ತೇನೆ, ಎರವಲು ಕೇಳುವುದಿಲ್ಲ.